ಬೇಲಿಯಾಚೆಯ ಸೊಲ್ಲು

ಸಾಯುತ್ತಿದ್ದ ನನ್ನ ಗಂಡನ ಕೈ ಹಿಡಿದದ್ದಕ್ಕೆ ಅಡೆಸುವಾಳ ಕೆಲಸ ಹೋಯಿತು. ಆ ಸಂಗತಿಯನ್ನು ಹಾಡಾಗಿ ಹಾಡಿದವನು ಅವಳು ಹೆರದೆ ಸಾಕಿದ ಒಬ್ಬ ಬಿಳಿ ಹುಡುಗ. ಆ ಹಾಡಿನಲ್ಲಿ ಅವಳ ಹೆಸರು ಇರಬಾರದು ಎಂದವರು ಇಬ್ಬರು. ಒಬ್ಬಳು ಐರ್ಲೆಂಡಿನವಳು. ಇನ್ನೊಬ್ಬ ನಮ್ಮವನೇ, ಹಣೆಗೆ ಮೂರು ಬೆರಳು ವಿಭೂತಿ ಹಚ್ಚುವವನು.

ನಾನು ಚನ್ನಮ್ಮ. ತಿಪಟೂರಿನ ಕಡೆ ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದವಳು. ಮಗಳು ಹರ್ಷಿತಾ ಐರ್ಲೆಂಡಿನ ಸ್ವೋರ್ಡ್ಸ್ ಎಂಬ ಊರಿನಲ್ಲಿದ್ದಳು. ವಿಮಾನ ನಿಲ್ದಾಣದ ಒಂದು ಆಫೀಸಿನಲ್ಲಿ ಕೆಲಸ. ಅವಳ ಬಳಿ ಬಂದ ನಾವು, ಯಜಮಾನರಿಗೆ ಲಕ್ವ ಹೊಡೆದ ಮೇಲೆ ಇಲ್ಲೇ ಉಳಿದೆವು.

ಬಾಡಿಗೆ ಕಡಿಮೆ ಎಂದು ಮಗಳು ಊರಿನ ಅಂಚಿನ ಬಡಾವಣೆಯಲ್ಲಿ ಮನೆ ಹಿಡಿದಿದ್ದಳು. ಅಲ್ಲಿರುವವರಲ್ಲಿ ಹೆಚ್ಚಿನವರು ನೈಜೀರಿಯ, ಕಾಂಗೋ ಕಡೆಯ ಕಪ್ಪು ಜನ. ಬಸ್ ಓಡಿಸುವವರು, ಮುದುಕರ ಮೈ ತೊಳೆಯುವವರು, ವಿಮಾನದ ಕಕ್ಕಸು ಉಜ್ಜುವವರು. ಸ್ಯಾಂಡಿಫರ್ಡ್ ಎಂಬ ಅನುಕೂಲಸ್ಥರ ಕಡೆಯಿಂದ ಮಗಳ ಕನ್ನಡದ ಸ್ನೇಹಿತರು ಬಂದರೆ ಕಾರಿಗೆ ಬೀಗ ಬಿದ್ದಿದೆಯೇ ಎಂದು ಎರಡು ಸಲ ನೋಡುತ್ತಿದ್ದರು. "ಆಂಟಿ, ಈ ಕರಿಯರ ಏರಿಯಾದಲ್ಲಿ ಹೆಂಗಿದೀರಾ?" ಎನ್ನುತ್ತಿದ್ದರು. ಬಸ್ಸಿನಲ್ಲಿ ಯಾರೋ ತಮಗೆ 'ನಿಮ್ಮ ದೇಶಕ್ಕೆ ಹೋಗಿ' ಎಂದದ್ದನ್ನು ಅದೇ ಬಾಯಲ್ಲಿ ಹೇಳಿ ಕಣ್ಣೀರು ಹಾಕುತ್ತಿದ್ದರು.

ನಮ್ಮ ಸಾಲಿನಲ್ಲಿ ಬಿಳಿಯ ಹುಡುಗ ಒಬ್ಬನೇ. ಕಿಲ್ಲಿಯನ್. ಇಪ್ಪತ್ತರ ಆಸುಪಾಸು. ಅಪ್ಪ ಯಾರೋ. ತಾಯಿ ಕುಡಿದು ಮಲಗಿದರೆ ಎರಡು ದಿನ ಏಳುತ್ತಿರಲಿಲ್ಲ. ಪಕ್ಕದ ಮನೆಯ ಅಡೆಸುವಾ ಅವನನ್ನು ಚಿಕ್ಕಂದಿನಲ್ಲೇ ಕೈಹಿಡಿದು ಒಳಗೆ ಕರೆದುಕೊಂಡಳಂತೆ. ತನ್ನ ಮಗ ಒಸಾಜೆಯ ಬಟ್ಟಲಿನ ಪಕ್ಕ ಇನ್ನೊಂದು ಬಟ್ಟಲು ಇಟ್ಟಳು. ಅವನ ಶಾಲೆಯ ಅಂಗಿ ಒಗೆದಳು. ತಪ್ಪು ಮಾಡಿದರೆ ಇಬ್ಬರಿಗೂ ಒಂದೇ ಸೌಟಿನಲ್ಲಿ ಬಾರಿಸಿದಳು. ಅವಳ ಕಡೆಯವರು ಬಿಳಿಯರಿಗೆ 'ಓಯಿಬೋ' ಎನ್ನುತ್ತಾರೆ. ಇಡೀ ಬಡಾವಣೆಗೆ ಅವನು ಓಯಿಬೋ. ಹಾಡುಗಾರನಾಗಿ ಅವನು ಇಟ್ಟುಕೊಂಡದ್ದೂ ಅದೇ ಹೆಸರು.

"ಓಯಿಬೋ, ನಿನ್ನ ಒಲೆಯಿಂದ ಬೇಗ ತೆಗೆದುಬಿಟ್ರು ಕಣೋ. ಇನ್ನೊಂಚೂರು ಬೇಯಬೇಕಿತ್ತು" ಎಂದು ಅಡೆಸುವಾ ರೇಗಿಸುವಳು.

"ನಿನ್ನ ಅಡುಗೆ ತಿಂದೇ ಅರ್ಧ ಸೀದುಹೋಗಿದೀನಿ ಬಿಡು ಸುವಾ" ಎಂದು ಅವನು.

ಅವರ ಮಾತೆಲ್ಲ ಇಂಗ್ಲಿಷ್. ನನ್ನ ಕಿವಿಗೆ ಬಿದ್ದಂತೆ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. 'ಅಜ್ಜಿ' ಎಂಬುದೊಂದು ಮಾತ್ರ ಅವನ ಬಾಯಿಂದ ಬಂದ ಕನ್ನಡ. ನನ್ನ ಮೊಮ್ಮಗಳಿಂದ ಕಲಿತದ್ದು.

ಅವನು ಹೇಳುವ ಹಾಡಿಗೆ ರ್‍ಯಾಪ್ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ಬೀದಿಯಲ್ಲಿ ಜಗಳವಾಗುತ್ತಿದೆ ಎಂದುಕೊಂಡು ಬಾಗಿಲು ಹಾಕಿದ್ದೆ. ಆಮೇಲೆ ಕಿವಿ ಹೊಂದಿತು. ಅವನು ಮೋಟುಗೋಡೆಯ ಮೇಲೆ ಕೂತು ಒಂದು ಸಾಲು ಎಸೆಯುತ್ತಿದ್ದ. ಬಾಗಿಲುಗಳಲ್ಲಿ ನಿಂತವರು ಮರುಸಾಲು ಹೇಳುತ್ತಿದ್ದರು. ನಮ್ಮೂರಿನಲ್ಲಿ ಒಬ್ಬಳು ಪದ ಎತ್ತಿದರೆ ಉಳಿದವರು ಸೊಲ್ಲು ಹೇಳುವುದಿಲ್ಲವೇ, ಹಾಗೆ. ಲಾಕ್‌ಡೌನ್ ಬಂದ ಮೇಲೆ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಸಂಜೆಯ ಸೊಲ್ಲು ಮಾತ್ರ ಮನೆಯಿಂದ ಮನೆಗೆ ಹೋಗುತ್ತಿತ್ತು.

ತಾಳ ಕಟ್ಟುವವನು ಒಸಾಜೆ. ಪದಗಳಲ್ಲಿ ಅರ್ಧ ಅವನವೇ. ಆದರೆ ರೇಡಿಯೋದವರು ಕರೆದದ್ದು ಕಿಲ್ಲಿಯನ್‌ನನ್ನು ಮಾತ್ರ. ಒಸಾಜೆ ಬರೆದ ಸಾಲನ್ನು ಅವನು ಹೇಳಿದಾಗ 'ಎಂಥ ನಿಜವಾದ ದನಿ' ಎಂದರು. ಅದೇ ಸಾಲನ್ನು ಒಸಾಜೆ ಬಸ್ ಸ್ಟಾಪಿನಲ್ಲಿ ಗುನುಗಿದರೆ ಜನ ಚೀಲ ಎದೆಗೆ ಅವಚಿಕೊಳ್ಳುತ್ತಿದ್ದರು.

"ಹಾಡು ಇಬ್ಬರದೂ ಅಂತ ಹೇಳಿದೆ ಅಜ್ಜಿ. ಅದನ್ನ ಕತ್ತರಿಸಿ ಬಿಸಾಕಿದಾರೆ. ನನ್ನ ಮೂತಿನೇ ಪಾಸು" ಎಂದು ಕಿಲ್ಲಿಯನ್ ಗೋಡೆಯ ಮೇಲೆ ಉಗುಳಿದ.

"ಉಗುಳಬೇಡ, ಕಾಯಿಲೆ ಕಾಲ" ಎಂದೆ.

ನಾನು ಬೆಳಿಗ್ಗೆ ಕಿಟಕಿಯ ಬಳಿ ಪೂಜೆಗೆ ಕೂರುತ್ತಿದ್ದೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನೆಡುವುದು ನಮ್ಮ ಪೂಜೆ. ಒಂದು ದಿನ ಕಿಟಕಿ ತೆರೆದಿತ್ತು.

"ಅಜ್ಜಿ, ದಿನಾ ಅಷ್ಟು ಹೊತ್ತು ಫೋನ್ ನೋಡ್ತೀರಲ್ಲ, ಕಣ್ಣು ಹೋಗಲ್ವಾ?" ಎಂದು ಕಿಲ್ಲಿಯನ್ ಗೋಡೆಯಿಂದ ಕೂಗಿದ.

"ಫೋನಲ್ಲ ಕಣೋ. ನಮ್ಮ ದೇವರು."

"ಕೈಯಲ್ಲೇನಾ? ದೇವಸ್ಥಾನಕ್ಕೆ ಹೋಗೋ ಬಸ್ ಚಾರ್ಜ್ ಉಳೀತು. ಗ್ರ್ಯಾಂಡ್!"

ನನಗೆ ನಗು ಬಂತು. ಆ ವಸಂತದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಯಜಮಾನರ ಹೆಸರು ಮಲ್ಲಿಕಾರ್ಜುನ. ನಾನು ಬಾಯಿಬಿಟ್ಟು ಕರೆದವಳಲ್ಲ. ಬಲಭಾಗ ಬಿದ್ದುಹೋಗಿತ್ತು. ಮಾತು ನಿಂತಿತ್ತು. ಮನೆಯಲ್ಲಿ ಎತ್ತಿ ಇಳಿಸುವವರಿಲ್ಲ. ಮುದುಕರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಮನೆಗೆ ಸೇರಿಸಿದ್ದೆವು. ಅಡೆಸುವಾ ಅಲ್ಲೇ ಆರೈಕೆಯ ಕೆಲಸದಲ್ಲಿದ್ದಳು. ನಾನು ದಿನವೂ ಹೋಗಿ ಅವರ ಹಣೆಗೆ ವಿಭೂತಿ ಹಚ್ಚಿ, ಅವರ ಲಿಂಗವನ್ನು ಅವರ ಎಡಗೈಯಲ್ಲಿಟ್ಟು ಪೂಜೆ ಮಾಡಿಸಿ ಬರುತ್ತಿದ್ದೆ.

ಕಾಯಿಲೆ ಬಂತು. ಆ ಮನೆಯವರು ಬಾಗಿಲು ಮುಚ್ಚಿದರು. ಒಂದು ವಾರದ ಮೇಲೆ ನಮ್ಮ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇಟ್ಟು ಹೋದರು. ಒಳಗೆ ಅವರ ಕನ್ನಡಕ, ವಾಚು, ಶಿವದಾರ, ಲಿಂಗದ ಬೆಳ್ಳಿ ಕರಡಿಗೆ. ಕರಡಿಗೆಯೊಳಗೆ ಲಿಂಗ. ಸೋಂಕಿನ ಕಾಲ, ಕತ್ತಿನಲ್ಲಿ ಏನೂ ಇರುವಂತಿಲ್ಲವಂತೆ.

ನಮ್ಮಲ್ಲಿ ಹುಟ್ಟಿದ ಮಗುವಿಗೆ ಲಿಂಗ ಕಟ್ಟುತ್ತಾರೆ. ಆಮೇಲೆ ಅದು ಮೈ ಬಿಡುವುದಿಲ್ಲ. ಸತ್ತರೆ ಎಡ ಅಂಗೈಯಲ್ಲಿ ಅದನ್ನಿಟ್ಟು ಮಣ್ಣು ಮಾಡುತ್ತಾರೆ. ಅದು ಒಡವೆಯಲ್ಲ. ಹರ್ಷಿತಾ ಫೋನಿನಲ್ಲಿ ಇದನ್ನೆಲ್ಲ ಹೇಳಿದಳು. ಬೇಡಿದಳು. ನಿಯಮ ಎಂದರು. ವಿಡಿಯೋದಲ್ಲಿ ಯಜಮಾನರನ್ನು ತೋರಿಸಿದರು. ಅವರ ಎಡಗೈ ಎದೆಯ ಮೇಲೆ ಹುಡುಕುತ್ತಿತ್ತು. ಕತ್ತಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಕತ್ತಿಗೆ. ಉಗುರು ತಾಗಿ ಎದೆ ಕೆಂಪಾಗಿತ್ತು.

"ಸ್ವಲ್ಪ ಕೆರೆತ ಇದೆ. ಅಲರ್ಜಿ ಇರಬೇಕು. ಕ್ರೀಮ್ ಹಚ್ಚಿದೀವಿ" ಎಂದಳು ಮ್ಯಾನೇಜರ್.

ಕ್ರೀಮ್ ಹಚ್ಚಿದರಂತೆ.

ಅಡೆಸುವಾ ಆ ದಿನಗಳಲ್ಲಿ ಎರಡು ಪಾಳಿ ದುಡಿಯುತ್ತಿದ್ದಳು. ಅರ್ಧ ಜನ ಕಾಯಿಲೆ ಬಿದ್ದಿದ್ದರು. ಗೌನು ಮುಗಿದಿತ್ತು. ಕಸದ ಚೀಲಕ್ಕೆ ತೂತು ಮಾಡಿ ತಲೆ, ತೋಳು ತೂರಿಸಿಕೊಳ್ಳುತ್ತಿದ್ದಳು. ಮೂಗಿನ ಮೇಲೆ ಮಾಸ್ಕು ಕೊರೆದ ಗಾಯ. ಔಷಧದ ನೀರಿಗೆ ಬಿರಿದ ಬೆರಳು. ಜೀವ ಇರುವವರನ್ನೂ ಇಲ್ಲದವರನ್ನೂ ಹೊರಳಿಸಿ ಸೊಂಟ ಹಿಡಿದು, ಬಸ್ಸಿಳಿದು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಕಸದ ಚೀಲ ಉಟ್ಟು ಅವಳು ಕೋಣೆಯಿಂದ ಕೋಣೆಗೆ ಹೋದಾಗ ಯಾವ ನಿಯಮವೂ ಮುರಿಯಲಿಲ್ಲ. ಇದನ್ನು ನೆನಪಿಡಬೇಕು.

ಅವಳಿಗೆ ವಿಷಯ ಹೇಳಿದವನು ಕಿಲ್ಲಿಯನ್. "ಸುವಾ, ಅಜ್ಜಿ ದೇವರು ಇಲ್ಲಿದೆ, ತಾತನ ಕೈ ಅಲ್ಲಿದೆ. ನೀನೊಬ್ಳೇ ಅಲ್ಲಿಗೆ ಹೋಗೋಳು."

ಅವಳು ನಮ್ಮ ಕಿಟಕಿಯಿಂದ ದೂರದಲ್ಲಿ ನಿಂತಳು. ಅವಳದು ದೊಡ್ಡ ಭಕ್ತಿಯ ಚರ್ಚು. ಭಾನುವಾರ ಬಿಳಿ ಬಟ್ಟೆ ಉಟ್ಟು ನೆಲಕ್ಕೆ ಹಣೆ ಹಚ್ಚಿ ಅಳುವವಳು.

"ಮಮ್ಮಾ, ಇದು ಕಲ್ಲು. ನಮ್ಮ ಪಾಸ್ಟರ್ ವಿಗ್ರಹ ಅಂತಾರೆ. ಮುಟ್ಟಬಾರದು ಅಂತಾರೆ."

"ಬಲವಂತ ಇಲ್ಲ ತಾಯಿ" ಎಂದೆ.

ಅವಳು ತನ್ನ ಕೈ ನೋಡಿಕೊಂಡಳು. "ಆ ಮನುಷ್ಯನ ಕೈ ಹುಡುಕೋದನ್ನ ದಿನಾ ನೋಡ್ತೀನಿ. ಕೊಡಿ" ಎಂದಳು.

ಮರುದಿನ ಮಧ್ಯಾಹ್ನ ಲಿಂಗವನ್ನು ಸ್ಪಿರಿಟ್ಟಿನಲ್ಲಿ ತೊಳೆದು ಅವರ ಅಂಗೈಗೆ ಇಟ್ಟಳು. ಬೆರಳು ಮುಚ್ಚಿಕೊಂಡವಂತೆ. ಎರಡು ದಿನ ಬದುಕಿದ್ದರು. ಹೋಗುವಾಗ ಆ ಮುಷ್ಟಿಯ ಮೇಲೆ ಅವಳ ಕೈ ಇತ್ತು. ಹೆಣದ ಚೀಲದಲ್ಲಿ ಹಾಕುವಾಗ ಜಾರಬಾರದೆಂದು ಬ್ಯಾಂಡೇಜಿನ ಪಟ್ಟಿಯಿಂದ ಮುಷ್ಟಿ ಕಟ್ಟಿದಳು.

"ನಿಮ್ಮ ಕಲ್ಲಿಗೆ ನಾನು ಪ್ರಾರ್ಥನೆ ಮಾಡಲಿಲ್ಲ ಮಮ್ಮಾ. ನಿಮ್ಮ ಗಂಡನಿಗೋಸ್ಕರ ನನ್ನ ಯೇಸುವಿಗೆ ಮಾಡಿದೆ. ಆದ್ರೆ ಹುಡುಕೋದು ನಿಂತುಹೋಯ್ತು" ಎಂದಳು.

ಮಣ್ಣಿಗೆ ಹತ್ತೇ ಜನ ಹೋಗಬಹುದಿತ್ತು. ಹತ್ತು ಜನವೂ ನಮಗಿರಲಿಲ್ಲ. ಪೆಟ್ಟಿಗೆ ತೆರೆಯಲಿಲ್ಲ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಅವರನ್ನು ಮಲಗಿಸಿ ಮಾಡಿದರು. ವಿಭೂತಿಯನ್ನು ಮುಚ್ಚಳದ ಮೇಲೆ ಉದುರಿಸಿದೆ, ಮಳೆ ತೊಳೆಯಿತು. ಬ್ಯಾಂಡೇಜು ಕಟ್ಟಿದ ಒಂದು ಮುಷ್ಟಿ ಒಳಗಿದೆ ಎಂಬ ನೆಮ್ಮದಿಯಲ್ಲಿ ನಾನು ನಿಂತಿದ್ದೆ.

ಹರ್ಷಿತಾ ಒಳ್ಳೆಯ ಮನಸ್ಸಿನಿಂದ ಆ ಮನೆಗೆ ಫೋನ್ ಮಾಡಿದಳು. ಅಡೆಸುವಾ ಹೀಗೆ ಮಾಡಿದಳು, ಅವಳಿಗೆ ನಮ್ಮ ವಂದನೆ ತಿಳಿಸಿ, ನೀವೂ ನಾಲ್ಕು ಒಳ್ಳೆಯ ಮಾತು ಹೇಳಿ ಎಂದಳು. ಉಪಕಾರ ಮಾಡಿದವರನ್ನು ಅವರ ಮೇಲಿನವರ ಮುಂದೆ ಹೊಗಳುವುದು ನಮ್ಮ ಕಡೆಯ ಪದ್ಧತಿ. ಆ ವಾರವೇ ಅಡೆಸುವಾಳನ್ನು ತೆಗೆದರು. ಹೊರಗಿನ ವಸ್ತು ಒಳಗೆ ತಂದದ್ದು ತಪ್ಪು. ಸೋಂಕಿನ ನಿಯಮ ಮುರಿದದ್ದು ತಪ್ಪು.

ಹರ್ಷಿತಾ ಅವಳ ಬಾಗಿಲಲ್ಲಿ ನಿಂತು ಅತ್ತಳು. "ಅಳಬೇಡ. ನೀನು ಥ್ಯಾಂಕ್ಸ್ ಹೇಳ್ದೆ. ಅವರಿಗೆ ಆ ಮಾತು ಕೇಳಿ ಅಭ್ಯಾಸ ಇಲ್ಲ" ಎಂದಳು ಅಡೆಸುವಾ.

ಆ ಸಂಜೆ ಕಿಲ್ಲಿಯನ್ ಮತ್ತು ಒಸಾಜೆ ಹಾಡು ಕಟ್ಟಿದರು. ಅದು ನನ್ನ ಬಾಯಲ್ಲಿ ಹೀಗೆ ಬರುತ್ತದೆ:

ಕೈ ತೊಳಿ ಅಂದ್ರು, ತೊಳೆದ್ಲು.
ಬಾಯಿ ಮುಚ್ಚು ಅಂದ್ರು, ಮುಚ್ಚಿದ್ಲು.
ಹೆಣ ಹೊರಳಿಸು ಅಂದ್ರು, ಹೊರಳಿಸಿದ್ಲು.
ಸಾಯೋನ ಕೈ ಹಿಡಿದ್ಲು, ಹೊರಗೆ ಹಾಕಿದ್ರು.
ಹಿಡಿದದ್ದು ಯಾರು?

ಬಾಗಿಲುಗಳಿಂದ ಸೊಲ್ಲು ಬಂತು. ಸುವಾ! ಮತ್ತೆ ಕೇಳಿದ. ಸುವಾ! ಹಾಡು ಫೋನಿನಿಂದ ಫೋನಿಗೆ ಹೋಯಿತು. ತಿಪಟೂರಿಗೂ ಹೋಯಿತು. ಅಲ್ಲಿಂದ ಮೈದುನ ಗುಂಡಪ್ಪನ ಕರೆ ಬಂತು. ಅಣ್ಣನ ಮುಷ್ಟಿಯಲ್ಲಿ ಲಿಂಗ ಇತ್ತೆಂದು ಹರ್ಷಿತಾ ಅವನಿಗೆ ಹೇಳಿದ್ದಳು.

"ಅತ್ತಿಗೆ, ಅಣ್ಣನ ಲಿಂಗ ಮುಟ್ಟಿದ್ದು ಯಾರು?"

"ಪಕ್ಕದ ಮನೆಯವಳು."

"ಆ ಕರಿ ಹೆಂಗಸಾ? ದನ ತಿನ್ನೋರಲ್ವಾ ಅವರು? ಲಿಂಗ ಮೈಲಿಗೆ ಆಗೋಯ್ತಲ್ಲ ಅತ್ತಿಗೆ. ಸ್ವಾಮಿಗಳನ್ನ ಕೇಳಿ ಮನೆಗಾದ್ರೂ ಶುದ್ಧಿ ಮಾಡಿಸ್ಬೇಕು. ನೀವು ಯಾರ ಹತ್ರನೂ ಆಡ್ಬೇಡಿ. ಆ ಹುಡುಗನಿಗೂ ಹಾಡು ನಿಲ್ಸಕ್ಕೆ ಹೇಳಿ."

ಹುಟ್ಟಿನಿಂದ ಮೈಲಿಗೆಯಿಲ್ಲ ಎಂದು ಎದ್ದು ನಿಂತವರ ಧರ್ಮ ನಮ್ಮದು. ಆ ಶರಣರ ಮಾತನ್ನು ಗುಂಡಪ್ಪ ದಿನವೂ ಬೆಳಿಗ್ಗೆ ಕಣ್ಣುಮುಚ್ಚಿ ಹೇಳುತ್ತಾನೆ. ತನ್ನ ತೋಟದ ಆಳಿಗೆ ಈಗಲೂ ತೆಂಗಿನ ಚಿಪ್ಪಿನಲ್ಲಿ ಟೀ ಕೊಡುತ್ತಾನೆ. ಅವಳು ಮುಟ್ಟಿದ್ದಕ್ಕೆ ಇಲ್ಲಿ ಸೋಂಕು ಎಂದರು, ಅಲ್ಲಿ ಮೈಲಿಗೆ ಎಂದರು. ಎರಡು ದೇಶ, ಎರಡು ಭಾಷೆ, ಒಂದೇ ಹೊಲಸು.

ಬೇಸಿಗೆ ಮುಗಿಯುವ ಹೊತ್ತಿಗೆ ಆ ಮ್ಯಾನೇಜರ್ ನಮ್ಮ ಬೀದಿಗೆ ಬಂದಳು. ಸತ್ತವರ ನೆನಪಿಗೆ ಸಭೆಯಂತೆ. ಅಂಗಳದಲ್ಲಿ ಹದಿನೈದು ಜನ, ಉಳಿದವರಿಗೆ ನೇರ ಪ್ರಸಾರ. ನಾನು ದೀಪ ಹಚ್ಚಿ ಆ ಮನೆಗೆ ವಂದನೆ ಹೇಳಬೇಕು. ಕಿಲ್ಲಿಯನ್ ಹಾಡಬೇಕು.

"ನಿಮ್ಮ ಹಾಡು ಎಲ್ಲರ ಮನಸ್ಸು ಮುಟ್ಟಿದೆ. ಹೆಸರೊಂದು ಬೇಡ, ಕಾನೂನಿನ ತೊಂದರೆ. 'ನರ್ಸ್' ಅನ್ನಿ, ಎಲ್ಲರಿಗೂ ಸೇರುತ್ತೆ. ಹೊರಗೆ ಹಾಕಿದ ಸಾಲೂ ಬೇಡ. ಇಂಥ ಜಾಗದಿಂದ ಒಂದು ಒಳ್ಳೆ ದನಿ ಬಂದಿದೆ ಅಂತ ಜನಕ್ಕೆ ಗೊತ್ತಾಗಲಿ" ಎಂದಳು.

"ಇಂಥ ಜಾಗ ಅಂದ್ರೆ?"

"ತಪ್ಪು ತಿಳೀಬೇಡಿ. ನೀವು ನಮ್ಮ ಹುಡುಗ. ಎರಡು ಕಡೆಗೂ ಮಾತಾಡಬಲ್ಲಿರಿ."

"ನಾನು ನಿಮ್ಮ ಹುಡುಗ ಅಲ್ಲ. ನಾನು ಅವಳ ಹುಡುಗ" ಎಂದು ಅವನು ಅಡೆಸುವಾಳ ಬಾಗಿಲಿನತ್ತ ಕೈ ಮಾಡಿದ.

ಅಡೆಸುವಾ ಬಾಗಿಲಲ್ಲೇ ನಿಂತಿದ್ದಳು. ಅವಳನ್ನು ನೋಡದೆಯೇ ಮ್ಯಾನೇಜರ್ ಹೇಳಿದಳು: "ಸಭೆ ಚೆನ್ನಾಗಿ ನಡೆದ್ರೆ ಅವರ ಬಗ್ಗೆ ಒಳ್ಳೆ ರೆಫರೆನ್ಸ್ ಬರ್‍ಕೊಡೋಕೆ ನನಗೆ ಅಡ್ಡಿ ಇಲ್ಲ."

ಅವಳು ಹೋದ ಮೇಲೆ ಕಿಲ್ಲಿಯನ್ ಕೂಗಾಡಿದ. ಹಾಡುವುದಿಲ್ಲ ಎಂದ. ಅಡೆಸುವಾ ಅವನ ಕಿವಿ ಹಿಡಿದಳು.

"ಹಾಡ್ತೀಯ. ಆ ರೆಫರೆನ್ಸ್ ಇಲ್ದೆ ಯಾವ ಹೋಮಿನೋರೂ ನನ್ನ ತಗೊಳ್ಳಲ್ಲ. ನಿಂಗೆ ಸಿಟ್ಟು ಬರುತ್ತೆ, ನಂಗೆ ಬಾಡಿಗೆ ಬರುತ್ತೆ. ಹೆಸರಿಂದ ಹೊಟ್ಟೆ ತುಂಬಲ್ಲ."

"ಹಂಗಿದ್ರೆ ನೀನು ಒಳಗೆ ನಿಂತಿರಬೇಕು, ನನ್ನ ಕಣ್ಣೆದುರಿಗೆ."

ಅದಕ್ಕೆ ಮ್ಯಾನೇಜರ್ ಫೋನಿನಲ್ಲಿ ಆಗಲಿ ಎಂದಿದ್ದಳು.

ಆ ದಿನ ಅಡೆಸುವಾ ಚರ್ಚಿನ ಬಿಳಿ ಬಟ್ಟೆ ಉಟ್ಟಳು. ತಲೆಗೆ ನೀಲಿ ಬಟ್ಟೆ ಎತ್ತರಕ್ಕೆ ಸುತ್ತಿದಳು. ನಾವೆಲ್ಲ ಒಟ್ಟಿಗೆ ಹೋದೆವು. ಗೇಟಿನ ಕಾವಲಿನವನು ಕಿಲ್ಲಿಯನ್ ಮುಖ ನೋಡಿ "ಬನ್ನಿ ಬನ್ನಿ" ಎಂದ. ಹೆಸರೂ ಕೇಳಲಿಲ್ಲ. ನನ್ನನ್ನೂ ಹರ್ಷಿತಾಳನ್ನೂ ಬಿಟ್ಟ. ಅಡೆಸುವಾ ಮುಂದೆ ಬಂದಾಗ ಕೈ ಅಡ್ಡ ಹಿಡಿದ.

"ಕ್ಲೀನಿಂಗ್‌ನೋರು ಹಿಂದಿನ ಬಾಗಿಲಿಗೆ ಹೋಗಿ."

"ನಾನು ಸಭೆಗೆ ಬಂದೋಳು."

ಅವನು ಒಳಗೆ ಫೋನ್ ಮಾಡಿದ. ಮ್ಯಾನೇಜರ್ ದೂರದಿಂದಲೇ ತಲೆ ಅಲ್ಲಾಡಿಸಿದಳು. ಹದಿನೈದು ಜನ ತುಂಬಿದರಂತೆ. ಒಳಗೆ ಎರಡು ಕುರ್ಚಿ ಖಾಲಿ ಇದ್ದವು. ನಾನು ನೋಡಿದೆ.

ಕಿಲ್ಲಿಯನ್ ಮುಷ್ಟಿ ಬಿಗಿದ. ಅಡೆಸುವಾ ಕಣ್ಣಿನಲ್ಲೇ ಹೋಗು ಎಂದಳು. ಬಡಾವಣೆಯವರು ಆಗಲೇ ಬಂದು ಕಬ್ಬಿಣದ ಬೇಲಿಯ ಉದ್ದಕ್ಕೂ ದೂರ ದೂರ ನಿಂತಿದ್ದರು. ಅವಳೂ ಹೋಗಿ ಅವರ ನಡುವೆ ನಿಂತಳು. ಅದೇ ಮನೆಯ ಹೆಣಗಳನ್ನು ಹೊರಳಿಸಿದ ಕೈಯಲ್ಲಿ ಅದೇ ಮನೆಯ ಬೇಲಿ ಹಿಡಿದು ನಿಂತಳು.

ಭಾಷಣಗಳಾದವು. 'ನಮ್ಮ ವೀರರು' ಎಂದರು. ಯಾವ ವೀರರಿಗೂ ಹೆಸರಿರಲಿಲ್ಲ. ಆಮೇಲೆ ಕಿಲ್ಲಿಯನ್ ಮೈಕಿನ ಮುಂದೆ ಬಂದ. ಒಸಾಜೆ ರೆಕಾರ್ಡ್ ಮಾಡಿಕೊಟ್ಟ ತಾಳ ಸ್ಪೀಕರ್ ಡಬ್ಬಿಯಿಂದ ಹೊಡೆಯತೊಡಗಿತು. ಒಸಾಜೆ ಬೇಲಿಯ ಹೊರಗಿದ್ದ.

ಕೈ ತೊಳಿ ಅಂದ್ರು, ತೊಳೆದ್ಲು ಎಂದ ಕಿಲ್ಲಿಯನ್. ದನಿಯಲ್ಲಿ ಜೀವವಿರಲಿಲ್ಲ. ಬಾಯಿ ಮುಚ್ಚು ಅಂದ್ರು, ಮುಚ್ಚಿದ್ಲು. ಹೆಣ ಹೊರಳಿಸು ಅಂದ್ರು, ಹೊರಳಿಸಿದ್ಲು. ಸಾಯೋನ ಕೈ ಹಿಡಿದ್ಲು. ಹೊರಗೆ ಹಾಕಿದ ಮಾತನ್ನು ಬಿಟ್ಟ. ಹಿಡಿದದ್ದು ಯಾರು ಎಂದು ಕೇಳಿದ. ಮುಂದೆ 'ನರ್ಸ್' ಎನ್ನಬೇಕಿತ್ತು. ಅವನ ಬಾಯಿ ತೆರೆದೇ ಉಳಿಯಿತು. ತಾಳ ಹೊಡೆಯುತ್ತಿತ್ತು. ಅವನು ಬೇಲಿಯತ್ತ ನೋಡಿದ. ಹೇಳಿದರೆ ಅವಳ ಅನ್ನ ಹೋಗುತ್ತದೆ. ಹೇಳದಿದ್ದರೆ ಅವಳೇ ಹೋಗುತ್ತಾಳೆ.

"ನಾನು!"

ಅಡೆಸುವಾ ಕೂಗಿದಳು. ಮಾಸ್ಕು ಕೆಳಗೆ ಎಳೆದಿದ್ದಳು. ಮೂಗಿನ ಮೇಲಿನ ಗಾಯದ ಕಲೆ ಕಾಣುತ್ತಿತ್ತು.

"ಹಿಡಿದದ್ದು ನಾನು! ಅಡೆಸುವಾ! ಇಟ್ಕೊಳ್ರೀ ನಿಮ್ಮ ರೆಫರೆನ್ಸು!"

ಕಿಲ್ಲಿಯನ್ ಎದೆ ತುಂಬ ಉಸಿರು ಎಳೆದ. ಹೊರಗೆ ಹಾಕಿದ್ರು ಎಂದು ಬಿಟ್ಟ ಸಾಲನ್ನು ಅರಚಿದ. ಹಿಡಿದದ್ದು ಯಾರು? ಬೇಲಿಯ ಉದ್ದಕ್ಕೂ ಸೊಲ್ಲು ಎದ್ದಿತು. ಸುವಾ! ಮ್ಯಾನೇಜರ್ ಕೈ ಬೀಸಿದಳು. ತಾಳ ನಿಲ್ಲಿಸಿದರು. ಮೈಕು ಸತ್ತಿತು. ಒಸಾಜೆ ಬೇಲಿಯ ಕಬ್ಬಿಣಕ್ಕೆ ಅಂಗೈ ಹೊಡೆದು ತಾಳ ಹಿಡಿದ. ಎಲ್ಲರೂ ಹೊಡೆದರು. ಕಿಲ್ಲಿಯನ್ ಸತ್ತ ಮೈಕನ್ನು ಖಾಲಿ ಕುರ್ಚಿಯ ಮೇಲಿಟ್ಟು ಗೇಟಿನ ಹೊರಗೆ ನಡೆದ. ಈಗ ಮುಂದಾಳಾಗಿ ಪದ ಎತ್ತಿದವನು ಒಸಾಜೆ. ಕಿಲ್ಲಿಯನ್ ಉಳಿದವರ ಜೊತೆ ಸೊಲ್ಲು ಹೇಳಿದ.

ಮ್ಯಾನೇಜರ್ ನನ್ನ ಕೈಗೆ ಮೇಣದ ಬತ್ತಿ ತುರುಕಿದಳು. "ಪ್ಲೀಸ್, ನೀವು ದೀಪ ಹಚ್ಚಿ. ಎರಡು ಮಾತು ಹೇಳಿ. ಜನ ನೋಡ್ತಿದಾರೆ."

"ನಮ್ಮ ಯಜಮಾನರಿಗೆ ಕೆರೆತ ಇರಲಿಲ್ಲ" ಎಂದೆ.

ಅವಳಿಗೆ ತಿಳಿಯಲಿಲ್ಲ. ತಿಳಿಸುವ ಮನಸ್ಸೂ ನನಗಿರಲಿಲ್ಲ. ಹಚ್ಚದ ಬತ್ತಿಯನ್ನು ಅವಳ ಕೈಗೇ ಕೊಟ್ಟೆ. ಹರ್ಷಿತಾ ನನ್ನ ತೋಳು ಹಿಡಿದಳು. ನಾವು ಹೊರಗೆ ಹೋಗಿ ಬೇಲಿಯ ಬಳಿ ನಿಂತೆವು. ನನಗೆ ಹಾಡುವ ಕಂಠವಿಲ್ಲ. ಆದರೂ ಸುವಾ ಎಂದೆ.

ರೆಫರೆನ್ಸ್ ಬರಲಿಲ್ಲ. ಅಡೆಸುವಾ ಈಗ ಒಂದು ಅಣಬೆ ತೋಟದಲ್ಲಿ ಬಗ್ಗಿ ಅಣಬೆ ಕೀಳುತ್ತಾಳೆ. ಸೊಂಟ ಮೊದಲಿಗಿಂತ ಕೆಟ್ಟಿದೆ. ರೇಡಿಯೋದವರು ಕಿಲ್ಲಿಯನ್‌ಗೆ ಮತ್ತೆ ಫೋನ್ ಮಾಡಿದರು. ಒಸಾಜೆ ಇಲ್ಲದೆ ಬರುವುದಿಲ್ಲ ಎಂದ. ಮತ್ತೆ ಮಾಡಲಿಲ್ಲ. ಅವನು ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ. ಸಂಜೆ ಗೋಡೆಯ ಮೇಲೆ ಕೂರುತ್ತಾನೆ.

ಸಭೆಯ ಪ್ರಸಾರವನ್ನು ಗುಂಡಪ್ಪನೂ ನೋಡಿದ್ದ. ಅಡೆಸುವಾ ಅಣಬೆ ತೋಟಕ್ಕೆ ಸೇರಿದ ವಾರ ಒಂದು ಬೆಳಿಗ್ಗೆ ಅವನ ಕರೆ ಬಂತು. ನಾನು ಪೂಜೆ ಮುಗಿಸಿದ್ದೆ. ನನ್ನ ಲಿಂಗ ಇನ್ನೂ ಅಂಗೈಯಲ್ಲಿತ್ತು.

"ಏನತ್ತಿಗೆ ಇದು! ಲೋಕಕ್ಕೆಲ್ಲ ಗೊತ್ತಾಯ್ತು. ಶುದ್ಧಿ ಮಾಡಿಸಿದ್ರಾ ಇಲ್ವಾ?"

"ಇಲ್ಲ. ಮಾಡಿಸಲ್ಲ."

"ಮನೆತನದ ಮರ್ಯಾದೆ..."

"ಗುಂಡಪ್ಪ, ನಿನ್ನ ಅಣ್ಣನ ಕೈ ಹುಡುಕ್ತಿದ್ದಾಗ ನಿನ್ನ ಮರ್ಯಾದೆ ಎಲ್ಲಿತ್ತು? ಇನ್ನೊಂದು ಮಾತು ಕೇಳಿಸ್ಕೋ. ನಾನು ಸತ್ತಾಗ ನನ್ನ ಕೈಗೆ ಲಿಂಗ ಇಡೋಳು ಅಡೆಸುವಾನೇ. ಹರ್ಷಿತಾಗೆ ಹೇಳಿದೀನಿ. ಅವಳ ಕೈಯಿಂದಾನೇ ಇಡಿಸ್ಬೇಕು. ನೀನು ಬರೋದಾದ್ರೆ ಬಾ. ಬೇಲಿ ಹೊರಗೆ ನಿಂತ್ಕೊಂಡು ನೋಡು."

ಅವನು ಫೋನ್ ಇಟ್ಟ.

ನಾನು ಕಿಟಕಿ ತೆರೆದೆ. ಅಡೆಸುವಾ ಬಸ್ಸಿಗೆ ಹೊರಟಿದ್ದಳು. ಕೈಗೆ ರಬ್ಬರ್ ಗ್ಲೌಸು, ಕಾಲಿಗೆ ಬೂಟು. ಕೂಗಿ ಹೇಳಿದೆ, ಹೀಗೆಂದು ತೀರ್ಮಾನ ಮಾಡಿದ್ದೇನೆ, ಒಪ್ಪಿಗೆಯೇ ಎಂದು. ಅವಳು ನಿಂತು ಯೋಚಿಸಿದಳು.

"ಆಗಲಿ ಮಮ್ಮಾ. ಆದ್ರೆ ಪ್ರಾರ್ಥನೆ ಮಾತ್ರ ನನ್ನ ಯೇಸುವಿಗೆ."

"ಮಾಡ್ಕೋ" ಎಂದೆ.